ಬಿಗಿ ಹಗ್ಗ

ನನ್ನ ಗಂಡ ಡಾರಿಲ್ ಕಾಯಿಲೆಯಿಂದ ತೀರಿಕೊಂಡ ಮರುವರ್ಷ, ಅರಿಜೋನಾದ ಮರುಭೂಮಿಯಲ್ಲಿ ನಾವಿಬ್ಬರೂ ಹತ್ತುತ್ತಿದ್ದ ಬೋಳುಬಂಡೆಯನ್ನು ಅವನ ತಮ್ಮ ವೇಡ್ ಜೊತೆ ಹತ್ತಲು ಹೋದೆ.

"ಅತ್ತಿಗೆ, ಮೇಲೆ ಹೋಗಿ ಹಗ್ಗ ತೀರಾ ಬಿಗಿ ಎಳೀಬೇಡಿ. ಇದು ನನ್ನ ಸೊಂಟ, ಅಣ್ಣಂದಲ್ಲ," ಎಂದ ವೇಡ್. ಡಾರಿಲ್‌ಗೆ ಹಗ್ಗ ಬಿಗಿಯಾಗಿಯೇ ಇರಬೇಕಿತ್ತು.

ಹಗ್ಗದ ಒಂದು ತುದಿಯೊಂದಿಗೆ ಮೊದಲು ನಾನು ಹತ್ತಿ ನೆತ್ತಿಯಲ್ಲಿ ಕೂತೆ; ಇನ್ನೊಂದು ತುದಿಯನ್ನು ವೇಡ್ ಸೊಂಟಕ್ಕೆ ಕಟ್ಟಿಕೊಂಡು ಹತ್ತಬೇಕಿತ್ತು. ಬುಡದಲ್ಲಿರುವವನು ಅಲ್ಲಿಂದ ಕಾಣುವುದಿಲ್ಲ, ಅವನ ಮಾತೂ ಕೇಳಿಸುವುದಿಲ್ಲ. ಹಗ್ಗ ಜಗ್ಗಿದರೆ ಹತ್ತತೊಡಗಿದ್ದಾನೆ ಎಂದರ್ಥ. ಹಗ್ಗ ಜಗ್ಗಿತು. ಸಡಿಲವಾದಷ್ಟೂ ಎಳೆದುಕೊಳ್ಳುತ್ತಾ ಹೋದೆ. ಅರ್ಧ ದಾರಿಯ ಬಿರುಕಿನ ಹತ್ತಿರ ಭಾರವೆಲ್ಲ ನನ್ನ ಮೇಲೆ ಬಿತ್ತು. ಡಾರಿಲ್ ಯಾವಾಗಲೂ ಅಲ್ಲೇ ಜೋತುಬಿದ್ದು, ಶಿಳ್ಳೆ ಹಾಕುತ್ತಾ ಸುಧಾರಿಸಿಕೊಳ್ಳುತ್ತಿದ್ದ. ಅದೇ ಶಿಳ್ಳೆ ಕೇಳಿಸಿತು. ಅಣ್ಣನನ್ನು ಅಣಕಿಸುತ್ತಿದ್ದಾನಲ್ಲ ಎಂದು ವೇಡನನ್ನು ಮನಸ್ಸಿನಲ್ಲೇ ಬೈದೆ. ಬಂಡೆ ಬಿಸಿಲಿಗೆ ಸುಡುತ್ತಿತ್ತು, ಕೈಯಲ್ಲಿದ್ದ ಹಗ್ಗ ಮಾತ್ರ ತಣ್ಣಗಿತ್ತು.

ಅಷ್ಟರಲ್ಲಿ ವೇಡ್ ಕೆಳಗಿನ ಮರಳಿನಲ್ಲಿ ಬಂಡೆಯಿಂದ ದೂರ ನಡೆದು ಬಂದು, ನನಗೆ ಕಾಣುವಂತೆ ನಿಂತು ಕೂಗಿದ: "ಅತ್ತಿಗೆ, ನಾನಿನ್ನೂ ಶೂ ಹಾಕ್ಕೋತಿದ್ದೆ, ಹಗ್ಗ ಕಟ್ಕೊಂಡೇ ಇರ್ಲಿಲ್ಲ. ಅಷ್ಟರಲ್ಲೇ ಹಗ್ಗ ಎಳ್ಕೊಂಡ್ಬಿಟ್ರಲ್ಲ. ಕೆಳಗೆ ಬಿಡಿ."

ಭಾರ ಮತ್ತೆ ಮೆಲ್ಲಗೆ ಮೇಲೆ ಬರತೊಡಗಿತು. ನಾನು ಹಗ್ಗ ಬಿಡಲಿಲ್ಲ. ಇನ್ನಷ್ಟು ಬಿಗಿಯಾಗಿ ಎಳೆದುಕೊಂಡೆ.