ಹಗ್ಗದ ಆ ತುದಿ

ಗೋಬಿ ಮರುಭೂಮಿಯ ನಮ್ಮ ಚಿನ್ನದ ಗುಂಡಿ ಕುಸಿದ ದಿನ, ಜೊತೆಗೆ ಅಗೆಯುತ್ತಿದ್ದ ದಮ್ದಿನ್ ಕೆಳಗೆ ವಿಂಚ್‌ನ, ಅಂದರೆ ಜೀಪಿನ ಮೂತಿಗಿದ್ದ ಹಗ್ಗ ಸುತ್ತುವ ಯಂತ್ರದ, ಹಗ್ಗಕ್ಕೆ ಜೋತುಬಿದ್ದಿದ್ದ. "ಮೋಟಾರು ಸುಟ್ರೆ ನಿಮ್ಮಪ್ಪ ತಂದ್ಕೊಡ್ತಾನೇನೋ? ಬಿಡೋ ಹಗ್ಗಾನ!" ಎಂದು ಧಣಿ ನನ್ನನ್ನು ಗದರಿದ. ನಾನೇ ಕ್ಲಚ್ ತಿರುಗಿಸಿ ಹಗ್ಗ ಬಿಟ್ಟೆ. ಯಂತ್ರ ಉಳಿಯಿತು, ಹೆಣ ಸಿಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ, ಧಣಿಯ ಅಪ್ಪಣೆಯಂತೆ, ನಮ್ಮ ಡೇರೆಯ ಮುಂದೆ ಉಕ್ಕಿನ ಹಗ್ಗವನ್ನು ಪೂರ್ತಿ ಬಿಚ್ಚಿ, ಕೆಸರು ಉಜ್ಜಿ, ಎಣ್ಣೆ ಸವರಿದೆ. ಮತ್ತೆ ಸುತ್ತುವಾಗ ಆ ತುದಿಯನ್ನು ಯಾರಾದರೂ ಜಗ್ಗಿ ಹಿಡಿಯಬೇಕು, ಇಲ್ಲವಾದರೆ ಸುತ್ತು ಬಿಗಿಯಾಗುವುದಿಲ್ಲ. ಅದು ಹೆಂಡತಿ ಒಯುನಳ ಕೆಲಸ. ತಲೆ ಬಗ್ಗಿಸಿಕೊಂಡೇ ಸ್ವಿಚ್ ಒತ್ತಿದೆ. ಹಗ್ಗ ಬಿಗಿದು ಜೀಪಿನ ಮೂತಿ ತಗ್ಗಿತು.

"ಅಷ್ಟು ಜಗ್ಬೇಡ ಕಣೇ, ಜೀಪೇ ಬಗ್ತಿದೆ!"

"ಯಾರಿಗೆ ಹೇಳ್ತಿದೀಯ? ನಾನಿಲ್ಲಿ ಚಹಾ ಸೋಸ್ತಿದೀನಿ." ದನಿ ಡೇರೆಯೊಳಗಿಂದ ಬಂತು.

ತಲೆಯೆತ್ತಿದೆ. ಬಯಲಿನಲ್ಲಿ ಯಾರೂ ಇರಲಿಲ್ಲ. ಹಗ್ಗದ ಆ ತುದಿಯ ಕೊಕ್ಕೆ ಮೊಣಕಾಲೆತ್ತರದಲ್ಲಿ, ಬರೀ ಗಾಳಿಯಲ್ಲಿ ನಿಂತಿತ್ತು. ಅಂದಿನಂತೆಯೇ ಕ್ಲಚ್ ತಿರುಗಿಸಿ, ಹಗ್ಗ ಸುತ್ತುವ ಉರುಳೆಯನ್ನು ಬಿಡಿಸಿದೆ. ಹಗ್ಗ ಸಡಿಲಾಗಲಿಲ್ಲ.