ಮೂರನೆಯ ಪೆಟ್ಟಿಗೆಯ ಮೌನ

ಮನುಷ್ಯ ಜನ್ಮದಲ್ಲಿ ತೀರ್ಮಾನಿಸಲೇಬೇಕಾದ ಗಂಭೀರ ಪ್ರಶ್ನೆಗಳು ಕೆಲವಿವೆ. ಮನೆಯ ಸ್ಟುಡಿಯೋಗೆ ಯಾವ ಪ್ರಿಆಂಪ್ ಕೊಳ್ಳಬೇಕು ಎಂಬುದು ಅವುಗಳಲ್ಲೊಂದು. ಮೈಕಿನಿಂದ ಹೊರಡುವ ಸದ್ದು ಇರುವೆಯ ಪಿಸುಮಾತಿನಷ್ಟು ಸಣ್ಣದು. ಅದನ್ನು ಎತ್ತಿ ದೊಡ್ಡದು ಮಾಡುವ ಪೆಟ್ಟಿಗೆಯೇ ಪ್ರಿಆಂಪ್. ಕೆಲವು ಪೆಟ್ಟಿಗೆಗಳು ಎತ್ತುವಾಗ ತಮ್ಮದೂ ಒಂದಿಷ್ಟು ಬಣ್ಣ ಬಳಿಯುತ್ತವೆ. ಏನನ್ನೂ ಬಳಿಯದೆ, ಇದ್ದದ್ದನ್ನು ಇದ್ದ ಹಾಗೇ ದಾಟಿಸುವಂಥದ್ದನ್ನು ಟ್ರಾನ್ಸ್‌ಪರೆಂಟ್ ಎನ್ನುತ್ತಾರೆ. ಮನುಷ್ಯರಲ್ಲಿ ಈ ಗುಣ ಅಪರೂಪ. ಪೆಟ್ಟಿಗೆಗಳಲ್ಲೂ ಅಷ್ಟೇ.

ಅವಳು ಪುಸ್ತಕಗಳನ್ನು ಓದಿ ಆಡಿಯೋ ಮಾಡುವವಳು. ಅವನು ಆಡಿಯೋ ಅಂಗಡಿಯವನು. ಹಿಂದಿನ ಎರಡು ಶನಿವಾರ ಒಂದೊಂದು ಪೆಟ್ಟಿಗೆ ಹೊತ್ತು ಅವಳ ಮನೆಗೆ ಬಂದಿದ್ದ. ಎರಡನ್ನೂ ಹೊತ್ತು ವಾಪಸಾಗಿದ್ದ. ತಪ್ಪು ಹುಡುಕಿದವನು ಅವನೇ. "ಇದು ನಿಮ್ಮ ದನೀನ ಸ್ವಲ್ಪ ಸಿಹಿ ಮಾಡುತ್ತೆ. ಬೇಡ" ಎಂದ ಮೊದಲನೆಯದಕ್ಕೆ. "ಇದರ ತಳದಲ್ಲಿ ಇದರದ್ದೇ ಒಂದು ಗುಂಯ್ ಅನ್ನೋ ಸದ್ದಿದೆ. ಇದೂ ಬೇಡ" ಎಂದ ಎರಡನೆಯದಕ್ಕೆ. ತನ್ನ ಸರಕನ್ನು ತಾನೇ ಬೈಯುವ ವ್ಯಾಪಾರಿಯನ್ನು ಅವಳ ಸೋದರತ್ತೆ ಕಂಡದ್ದು ಇದೇ ಮೊದಲು.

ಅವನು ಸುಳ್ಳು ಹೇಳಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಸದ್ದಿನ ವಿಷಯದಲ್ಲಿ ಅವನಿಗೆ ಸುಳ್ಳಾಡಲು ಬರುತ್ತಿರಲಿಲ್ಲ. ಮೂರನೆಯ ಪೆಟ್ಟಿಗೆಯಲ್ಲಿ ಎಳ್ಳಷ್ಟೂ ಐಬಿಲ್ಲವೆಂದು ಅಂಗಡಿಯಲ್ಲೇ ಕೇಳಿ ತಿಳಿದಿದ್ದ. ಸೋಮವಾರದಿಂದ ಅವಳ ಹೊಸ ಪುಸ್ತಕ ಶುರು. ಇವತ್ತು ಅವಳು ಹೂಂ ಅಂದರೆ, ಬರುವ ಶನಿವಾರ ಅವನಿಗೆ ಈ ಮನೆಯಲ್ಲಿ ಕೆಲಸವಿಲ್ಲ.

"ಬಂದ್ಯಾ ಮೆಷಿನ್ನಪ್ಪ? ಇವತ್ತಿನ ಪೆಟ್ಟಿಗೆಗೇನು ಕಾಯಿಲೆ?" ಎಂದು ಸೋದರತ್ತೆ ಬಾಗಿಲಲ್ಲೇ ಕೇಳಿದಳು.

"ಇದು ಚೆನ್ನಾಗಿದೆ ಅಮ್ಮ" ಎಂದ, ಸಾವಿನ ಸುದ್ದಿ ತಂದವನ ದನಿಯಲ್ಲಿ.

"ಮತ್ತೆ ಕಾಯಿಲೆ ನಿನಗಾ?"

ಸ್ಟುಡಿಯೋ ಎಂದರೆ ಬಟ್ಟೆಯ ಬೀರು ಇದ್ದ ಕೋಣೆ. ಬೀರುವಿನ ಬಾಗಿಲು ತೆರೆದು, ತೂಗುಹಾಕಿದ ಕೋಟು ಸ್ವೆಟರುಗಳಿಗೆ ಮುಖಮಾಡಿ ಕೂತು ಅವಳು ಓದುತ್ತಿದ್ದಳು; ಬಟ್ಟೆಗಳು ಸದ್ದನ್ನು ನುಂಗಿಕೊಳ್ಳುತ್ತವೆ, ಗೋಡೆಗಳಂತೆ ಎದುರುತ್ತರ ಕೊಡುವುದಿಲ್ಲ. ಹಿಂದೆ ಎರಡು ಮೊಳ ದೂರದಲ್ಲಿ, ಸ್ಟೂಲಿನ ಮೇಲೆ ಅವನು. ಅವಳ ಕತ್ತು, ಕಿವಿಗೆ ಸಿಕ್ಕಿಸಿದ ಪೆನ್ಸಿಲು, ಉಸಿರೆಳೆಯುವ ಮುನ್ನ ಚೂರೇ ಮೇಲೇಳುವ ಭುಜ. ಆ ಭುಜ ಯಾವ ಪದಕ್ಕೆ ಮುಂಚೆ ಏಳುತ್ತದೆಂಬುದು ಅವನಿಗೆ ಬಾಯಿಪಾಠವಾಗಿತ್ತು.

"ಅದೇ ಪ್ಯಾರಾನಾ?" ಎಂದಳು.

"ಅದೇ. ಬೇರೆ ಓದಿದ್ರೆ ಹೋಲಿಸೋಕಾಗಲ್ಲ."

"ನಿದ್ದೇಲೂ ಅದೇ ಬರ್ತಿದೆ ನನಗೆ."

ನನಗೂ, ಎಂದು ಅವನು ಹೇಳಲಿಲ್ಲ. ರೆಕಾರ್ಡ್ ಒತ್ತಿದ.

"ದೋಣಿ ದಡ ಸೇರಿದಾಗ ಅಲ್ಲಿ ಯಾರೂ ಕಾದಿರಲಿಲ್ಲ" ಎಂದು ಓದಿ ಅವಳು ದನಿ ನಿಲ್ಲಿಸಿದಳು. ತುಸು ಹೆಚ್ಚೇ ಹೊತ್ತು ನಿಲ್ಲಿಸಿದಳು. ಆಮೇಲೆ, "ಆದರೂ ಅವನು ಹಗ್ಗ ಕಟ್ಟಿದ" ಎಂದು ಮುಗಿಸಿದಳು.

ಹೆಡ್‌ಫೋನ್ ಹಾಕಿಕೊಂಡು ಕೇಳತೊಡಗಿದಳು. ಮೊದಲು ತಲೆದೂಗಿದಳು. ಆಮೇಲೆ ಒಂದು ಹುಬ್ಬು ಮೇಲೆ ಹೋಯಿತು, ಕೆಳಗೆ ಬರಲಿಲ್ಲ. ಹಿಂದಕ್ಕೆಳೆದು ಮತ್ತೆ ಕೇಳಿದಳು. ಅವನು ಸ್ಕ್ರೀನ್ ನೋಡಿದ. ಅವಳ ಎರಡು ವಾಕ್ಯಗಳು ಎರಡು ಗುಡ್ಡಗಳ ಹಾಗೆ ನಿಂತಿದ್ದವು. ನಡುವೆ ಗೆರೆ ಮಟ್ಟಸವಾಗಿರಬೇಕಿತ್ತು. ಅಲ್ಲೊಂದು ಸಣ್ಣ ಅಲೆ ಇತ್ತು.

ಅಳಿಸಲು ಕೀಬೋರ್ಡು ಕೈಗೆಟುಕುವಷ್ಟು ಹತ್ತಿರವಿತ್ತು. ಅವಳು ಆಗಲೇ ಮೂರನೆಯ ಸಲ ಕೇಳುತ್ತಿದ್ದಳು.

"ಇಲ್ಲಿ ಯಾರೋ ಮಾತಾಡ್ತಿದಾರೆ" ಎಂದಳು.

"ಹೊರಗೆ ನಾಯಿ ಏನಾದ್ರೂ..."

"ನಮ್ಮ ಬೀದಿ ನಾಯಿಗಳು ಹಗ್ಗ ಕಟ್ಟಿದ ಅನ್ನಲ್ಲ." ಹೆಡ್‌ಫೋನ್ ತೆಗೆದು ಅವನ ತಲೆಗಿಟ್ಟಳು. ಅವಳ ಕಿವಿಯ ಬಿಸಿ ಇನ್ನೂ ಅದರಲ್ಲಿತ್ತು. ಅವಳ ಮೊದಲ ವಾಕ್ಯ, ಮೌನ, ಆ ಮೌನದಲ್ಲಿ ಅವನದೇ ಪಿಸುದನಿ: ಆದರೂ ಅವನು ಹಗ್ಗ ಕಟ್ಟಿದ. ಪೆಟ್ಟಿಗೆ ಒಂದಕ್ಷರವನ್ನೂ ಬಿಟ್ಟಿರಲಿಲ್ಲ.

"ನೀವು ಅಲ್ಲಿ ಯಾವತ್ತೂ ಅಷ್ಟು ಹೊತ್ತು ನಿಲ್ಲಲ್ಲ. ನಿಮ್ಮ ದನೀಲಿ ನನ್ನದು ಮುಚ್ಚಿಹೋಗ್ತಿತ್ತು" ಎಂದ, ದೂರು ಕೊಡುವವನಂತೆ.

"ಮೆಷಿನ್ನನ್ನ ಮೌನದಲ್ಲಿ ಪರೀಕ್ಷೆ ಮಾಡಬೇಕು ಅಂತ ನೀವೇ ಹೇಳಿಕೊಟ್ಟಿದ್ರಿ. ನಿಂತೆ." ಅವಳು ಪೆನ್ಸಿಲನ್ನು ಕಿವಿಯಿಂದ ತೆಗೆದಳು. "ಎಷ್ಟು ದಿನದಿಂದ ನನ್ನ ಜೊತೆ ಓದ್ತಿದೀರಿ?"

"ಮೊದಲ ಶನಿವಾರ, ಏಳನೇ ಸಲದಿಂದ."

"ಏಳು ಸಲ ಓದಿಸೋ ಅಗತ್ಯ ಇತ್ತಾ?"

"ಎರಡು ಸಾಕಿತ್ತು."

ಬೀರುವಿನ ಕಡೆಗೆ ತಿರುಗಿ ಅವಳು ಒಂದು ಸ್ವೆಟರಿನ ತೋಳನ್ನು ವಿನಾಕಾರಣ ನೇರ ಮಾಡಿದಳು. ನಗುತ್ತಿದ್ದಾಳೋ ಸಿಟ್ಟಾಗಿದ್ದಾಳೋ ಕತ್ತಿನಿಂದ ತಿಳಿಯುವ ವಿದ್ಯೆ ಅವನಿಗಿನ್ನೂ ಸಿದ್ಧಿಸಿರಲಿಲ್ಲ.

"ಅಳಿಸಿಬಿಡ್ತೀನಿ" ಎಂದ.

"ಮುಟ್ಟಬೇಡಿ. ಮೊದಲು ಇದಕ್ಕೆ ಉತ್ತರ ಹೇಳಿ. ಈ ಪೆಟ್ಟಿಗೆ ಇಟ್ಕೊಳ್ಳಲಾ, ಹಿಂದೆ ಕಳಿಸಲಾ?"

ಕಳಿಸಿ ಎಂದಿದ್ದರೆ ಇನ್ನೊಂದು ಶನಿವಾರ ಸಿಗುತ್ತಿತ್ತು. ನಾಲಿಗೆ ಅದನ್ನು ಹೇಳಲು ಹೊರಟು ಅರ್ಧಕ್ಕೇ ನಿಂತಿತು.

"ಇಟ್ಕೊಳ್ಳಿ. ಇದಕ್ಕಿಂತ ಒಳ್ಳೇದು ನಮ್ಮಲ್ಲಿಲ್ಲ."

"ಹಾಗಾದ್ರೆ ಮುಂದಿನ ಶನಿವಾರಕ್ಕೆ ನೆಪ?"

"ವಾರವೆಲ್ಲ ಯೋಚಿಸಿದೆ. ಸಿಗಲಿಲ್ಲ."

ಅವಳು ತಿರುಗಿದಳು. ನಗು ಕಣ್ಣಿಗೆ ಬಂದು, ತುಟಿಗೆ ಬರಲು ಅಪ್ಪಣೆ ಕಾಯುತ್ತಿತ್ತು. "ನಾನೂ ಒಂದು ಹೇಳಿಬಿಡ್ತೀನಿ. ಆ ಗುಂಯ್ ಅನ್ನೋ ಸದ್ದು ನನಗೆ ಕೇಳಿಸಿರಲೇ ಇಲ್ಲ. ನೀವು ಹೇಳಿದ್ರಲ್ಲ ಅಂತ ಹೂಂ ಅಂದೆ. ಮತ್ತೆ ಬರ್ತೀರಲ್ಲ ಅಂತ."

ಹೊರಗಿನಿಂದ ಸೋದರತ್ತೆಯ ದನಿ ಬಂತು: "ಪುಟ್ಟೀ, ಇದಾದ್ರೂ ಇರುತ್ತಾ, ಇದೂ ವಾಪಸ್ಸಾ?"

"ಇರುತ್ತೆ ಅತ್ತೆ."

ಪೆಟ್ಟಿಗೆ ಉಳಿಯಿತು. ಮುಂದಿನ ಶನಿವಾರ ಅವನು ಬರಿಗೈಯಲ್ಲಿ ಬಂದ.