ಕರಡಿಯಜ್ಜಿಗೆ ಕೊಟ್ಟ ವೀಳ್ಯ

ಬಹಳ ಬಹಳ ಹಿಂದೆ, ಮಂಜುಕೋಟೆ ಎಂಬ ರಾಜ್ಯದಲ್ಲಿ ಮದುವೆ ಗೊತ್ತಾಯಿತೆಂದರೆ ಮನೆಯವರ ಮುಖ ಬಾಡುತ್ತಿತ್ತು. ಕಾರಣ, ಬರಿಹೊಟ್ಟೆ ಎಂಬ ಮಾಯಾವಿ. ಕರೆಯದಿದ್ದರೂ ಬಂದು ಪಂಕ್ತಿಯ ಕೊನೆಯ ಎಲೆಗೆ ಕೂರುತ್ತಿದ್ದ. ಅವನು ತಾನಾಗಿ "ಸಾಕು" ಎಂದರೆ ಅವನ ಮಾಯೆ ಮುಗಿಯಿತು. ಅನ್ನುವ ಮೊದಲೇ ಅಡುಗೆ ಮುಗಿದರೆ ಮದುಮಗಳು ಕಲ್ಲಿನ ಕಂಬ. ಊರ ಛತ್ರದ ತುಂಬ ಅಂಥ ಕಂಬಗಳೇ.

ನೇಕಾರ ಹೊನ್ನಯ್ಯನ ತಂಗಿ ಸಿರಿಯವ್ವನಿಗೆ ಗಂಡು ಗೊತ್ತಾಯಿತು. ತಂದೆತಾಯಿ ಇಲ್ಲದ ಮನೆ. ಸೀರೆ ನೇಯ್ದು, ಚಪ್ಪರ ಹಾಕಿಸಿ, ಮುನಿಸಿಕೊಂಡ ಚಿಕ್ಕಪ್ಪನನ್ನು ಮತ್ತೆ ಮತ್ತೆ ಕರೆದು ಹೊನ್ನಯ್ಯ ಆಗಲೇ ಹೈರಾಣಾಗಿದ್ದ. ಇನ್ನು ಅಡುಗೆಯವರನ್ನು ಗೊತ್ತುಮಾಡಬೇಕಿತ್ತು.

"ಅಣ್ಣಾ, ಈ ಮದುವೆಯೇ ಬೇಡ ಬಿಡು," ಎಂದಳು ಸಿರಿಯವ್ವ.

"ಸುಮ್ನಿರು. ಎಲೆ ಅಡಿಕೆ ಎಲ್ಲಿಟ್ಟಿದೀಯ, ಹೇಳು."

ಆ ನಾಡಿನಲ್ಲಿ ವೀಳ್ಯ ಕೊಟ್ಟರೇ ಅಡುಗೆಯವರು ಗೊತ್ತಾದಂತೆ. ಹಿಡಿದವರು ಮಾತು ತಪ್ಪುವಂತಿಲ್ಲ.

ಮೊದಲು ಹೋದದ್ದು ಹತ್ತು ಕೈಯ ಭಟ್ಟನ ಗುಹೆಗೆ. "ಎಷ್ಟು ಎಲೆ?" ಎಂದ ಭಟ್ಟ. ಅದೇ ಮುಹೂರ್ತಕ್ಕೆ ಇನ್ನೂ ನಾಲ್ಕು ಮದುವೆ ಒಪ್ಪಿಕೊಂಡಿದ್ದ ಮಹಾಶಯ. "ಚಿಂತೆ ಯಾಕೆ? ನಿಮ್ಮ ಮನೆಗೆ ಎರಡು ಕೈ ಕಳಿಸ್ತೀನಿ." ಹೊನ್ನಯ್ಯ ವೀಳ್ಯವನ್ನು ಚೀಲಕ್ಕೆ ಹಾಕಿಕೊಂಡು, ಕಾಲೆಳೆದುಕೊಂಡು ನಡೆದ.

ಆಮೇಲೆ ಹೋದದ್ದು ಗಾಜಿನರಮನೆಯ ಯಕ್ಷಿಣಿಯ ಬಳಿಗೆ. "ಎಷ್ಟು ಎಲೆ?" ಎಂದಳು ಯಕ್ಷಿಣಿ. ರುಚಿ ನೋಡಲೆಂದು ಎಲೆ ತುಂಬ ಭಕ್ಷ್ಯ ಬಡಿಸಿದಳು. ನೋಡಲು ಎರಡು ಕಣ್ಣು ಸಾಲದು. ನುಂಗಿದರೆ ಎಲ್ಲವೂ ಬರೀ ಮಂಜು. ಹೊನ್ನಯ್ಯ ವೀಳ್ಯವನ್ನು ಚೀಲಕ್ಕೆ ಹಾಕಿಕೊಂಡು, ಕಾಲೆಳೆದುಕೊಂಡು ನಡೆದ.

ಕೊನೆಗೆ ಉಳಿದದ್ದು ಕಾಡಿನ ಕರಡಿಯಜ್ಜಿ. ಹೊಗೆ ತುಂಬಿದ ಒಲೆಮನೆಯಿಂದ ಅವಳು ಸೌಟು ಹಿಡಿದೇ ಹೊರಬಂದಳು.

"ಊಟ ಆಯ್ತಾ ಮಗಾ?"

ಮದುವೆ ಕೆಲಸ ಶುರುವಾದಾಗಿನಿಂದ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೊನ್ನಯ್ಯನ ಕಣ್ಣು ತುಂಬಿತು. "ಆಯ್ತಜ್ಜಿ," ಎಂದು ಸಂಕೋಚಕ್ಕೆ ಸುಳ್ಳು ಹೇಳಿದ. ಅಜ್ಜಿ ಕೇಳಲಿಲ್ಲ. ಅನ್ನ ಸಾರು ಬಡಿಸಿದಳು. ಸಾಕೆಂದರೂ ಬಡಿಸಿದಳು. ಅವನು ಎರಡೂ ಕೈ ಎಲೆಗೆ ಅಡ್ಡ ಹಿಡಿದ ಮೇಲೆಯೇ ಬಿಟ್ಟಳು.

"ವೀಳ್ಯ ತಾ," ಎಂದಳು. "ಬೇಯಿಸೋದು ನಂದು, ಬಡಿಸೋದು ನಿಂದು. ಆ ಬರಿಹೊಟ್ಟೆ ಮುಂದೆ ಎಲ್ಲರೂ ಹಂಡೆ ಇಟ್ಟು ಓಡ್ತಾರೆ. ಅವನೆದುರು ಕೂತ್ಕೊಂಡು ಉಪಚಾರ ಮಾಡ್ದೋರು ಯಾರೂ ಇಲ್ಲ."

ಮದುವೆಯ ದಿನ ಬರಿಹೊಟ್ಟೆ ಛತ್ರಕ್ಕೆ ಬಂದು ಕೊನೆಯ ಎಲೆಗೆ ಕೂತ. ನೆಂಟರು ಉಸಿರು ಬಿಗಿಹಿಡಿದರು. ಹೊನ್ನಯ್ಯ ಹೋಳಿಗೆಯ ತಟ್ಟೆ ಹಿಡಿದು ಅವನೆದುರು ಕುಕ್ಕರಗಾಲಲ್ಲಿ ಕೂತ.

"ಇನ್ನೊಂದು ಹಾಕಿಸ್ಕೊಳ್ಳಿ. ತಂಗಿ ಮದುವೆ, ಬೇಡ ಅನ್ನಬಾರದು. ತುಪ್ಪ ಬಡಿಸ್ಲಾ, ಹಾಲು ಬಡಿಸ್ಲಾ?"

ಮಾಯಾವಿ ತಲೆಯೆತ್ತಿದ. "ನನ್ನನ್ನಾ ಕೇಳ್ತಿರೋದು?"

"ಇನ್ಯಾರನ್ನ ಕೇಳ್ಲಿ?"

"...ತುಪ್ಪ," ಎಂದ ಮಾಯಾವಿ, ಮೆಲ್ಲಗೆ.

ಗಬಗಬ ನುಂಗುತ್ತಿದ್ದವನು ಈಗ ಅಗಿದು ತಿಂದ. ಹೊನ್ನಯ್ಯ ಕೇಳಿದ, ಬಡಿಸಿದ, ಮತ್ತೆ ಕೇಳಿದ. ಸೊಂಟ ಬಿದ್ದುಹೋಗುವಂತಾಯಿತು. ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಹೋಳಿಗೆಯನ್ನು ಅವನು ಎತ್ತಿದಾಗ ಮಾಯಾವಿ ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದ.

"ಸಾಕಪ್ಪಾ, ಸಾಕು!"

ಮಾಯೆ ಕಳಚಿತು. ಎಲೆಯ ಮುಂದೆ ಕೂತಿದ್ದವನು ಈಗ ಸಾಧಾರಣ ಮುದುಕ. ಸಿರಿಯವ್ವ ಅಣ್ಣನನ್ನು ತಬ್ಬಿಕೊಂಡು ಅತ್ತಳು. ಅಷ್ಟರಲ್ಲಿ ಛತ್ರದ ಕಂಬಗಳೆಲ್ಲ ಮದುವಣಗಿತ್ತಿಯರಾಗಿ ಮೈಮುರಿದು ನಿಂತರು. ಎಷ್ಟೋ ವರ್ಷಗಳಿಂದ ಉಂಡಿಲ್ಲ ಪಾಪ. ಎಲ್ಲರೂ ಹೊನ್ನಯ್ಯನ ಮುಖ ನೋಡಿದರು. ಹೊನ್ನಯ್ಯ ಕರಡಿಯಜ್ಜಿಯ ಮುಖ ನೋಡಿದ.

ಅಜ್ಜಿ ನಿಟ್ಟುಸಿರು ಬಿಟ್ಟು ಒಲೆಗೆ ಸೌದೆ ತುರುಕಿದಳು. "ಎಷ್ಟು ಎಲೆ?"

ಹೊನ್ನಯ್ಯ ಏಳಹೋದ. ಕಾಲು ಏಳಲಿಲ್ಲ. ಆಗ ಆ ಮುದುಕನೇ ಎದ್ದು ಬಂದು ಅವನ ಕೈಯಿಂದ ತಟ್ಟೆ ತೆಗೆದುಕೊಂಡ. ಒಂದು ಎಲೆ ಹಾಕಿ ಅವನನ್ನು ಕೂರಿಸಿದ.

"ಊಟ ಆಯ್ತಾ ನಿಂದು?"

"ಇಲ್ಲ," ಎಂದ ಹೊನ್ನಯ್ಯ.

ಮದುವಣಗಿತ್ತಿಯರೆಲ್ಲ ಉಂಡು ತಮ್ಮ ತಮ್ಮ ಮನೆ ಸೇರಿ ಸುಖವಾಗಿದ್ದರು. ಸಿರಿಯವ್ವನೂ ಸುಖವಾಗಿದ್ದಳು. ಹೊನ್ನಯ್ಯ ಮಾತ್ರ ಅಂದು ಕೊನೆಯ ತುತ್ತು ನುಂಗಿ, ಎಲೆಯ ಮುಂದೆಯೇ ಒರಗಿ, ಹೊಟ್ಟೆತುಂಬ ನಿದ್ದೆ ಮಾಡಿದ.